ನಾಯಿಯ ಸರದಿಗೆ ನನ್ನ ಹೆಸರು

ಕೇಳಿ ಸ್ನೇಹಿತರೇ, ಇವತ್ತು ಕನಕಪುರದಲ್ಲಿ ನಾಯಿಗಳಿಗೆ ಉಚಿತ ಲಸಿಕೆ ಶಿಬಿರ ಇತ್ತು. ನಾನೊಬ್ಬಳೇ ಇರುವ ರೂಮಿಗೆ ಬಂದು ಸೇರಿಕೊಂಡ ಬೀದಿನಾಯಿಯನ್ನು ಕರೆದುಕೊಂಡು ಹೋದೆ. ಶಿಬಿರ ನಡೆಸುವವರು ಗಾಯಗೊಂಡ ನಾಯಿಗಳನ್ನೂ ಸಾಕುತ್ತಾರೆ. ಅವಕ್ಕೆ ಹಾಸಲು ಹಳೇ ಬೆಡ್‌ಶೀಟುಗಳನ್ನು ಒಯ್ದಿದ್ದೆ.

“ನಾಯಿ ಹೆಸ್ರೇನವ್ವಾ?” ಎಂದರು ವಯಸ್ಸಾದ ಕಾಂಪೌಂಡರ್.

“ಇಟ್ಟಿಲ್ಲ ಕಣಣ್ಣಾ.”

“ಮತ್ತೆ ಹೆಂಗ್ ಕರೀತೀಯ?”

“ಬಾ ಅಂತೀನಿ, ಬತ್ತದೆ. ಮನೇಲಿ ಇನ್ಯಾರವ್ರೆ?”

“ಸರದಿ ಬಂದಾಗ ನಾನು ಕೂಗ್ಬೇಕಲ್ಲವ್ವಾ.”

“ನನ್ನೆಸ್ರೇ ಕೂಗಿ. ಜಯಮ್ಮ.”

ಸ್ವಲ್ಪ ಹೊತ್ತಿಗೆ ಬೀದಿಗೆಲ್ಲ ಕೇಳುವಂತೆ ಕೂಗಿದರು: “ಜಯಮ್ಮಾ, ಬಾರವ್ವಾ.”

ನಾನು, ನಾಯಿ ಇಬ್ಬರೂ ಎದ್ದೆವು. ನನ್ನನ್ನು ಯಾರಾದರೂ ಹೆಸರು ಹಿಡಿದು ಕರೆದು ಎಷ್ಟು ಕಾಲವಾಗಿತ್ತೋ. ಎಲ್ಲ ನಾಯಿಯ ಪುಣ್ಯ.

ಮುಂದಿನ ವರ್ಷವೂ ಲಸಿಕೆ ಹಾಕಿಸಬೇಕಂತೆ. ತಪ್ಪಿಸುವುದಿಲ್ಲ.