ನಾಲ್ಕು ನಿಂಬೆಹಣ್ಣುಗಳ ವಿರುದ್ಧ ನನ್ನ ವಾದ

ನಾನು ಗೆದ್ದ ವಾದಗಳಲ್ಲಿ ಒಂದನ್ನು ಮಾತ್ರ ಯಾರ ಮುಂದೆಯೂ ಹೇಳಿಕೊಂಡಿಲ್ಲ. ಅದು ನಡೆದದ್ದು ವೇದಿಕೆಯ ಮೇಲಲ್ಲ. ನಾವು ನೆಲೆಸಿರುವ ಪರದೇಶದಲ್ಲಿ, ನಿಲಾಯ್ ಎಂಬ ಊರಿನಂಚಿನ ಒಂದು ಮನೆಯ ಗೇಟಿನ ಮುಂದೆ, ಹಳೆಯ ಕ್ಯಾಂಪರ್ ವ್ಯಾನೊಂದನ್ನು ಕೊಂಡು ತರಲು ಹೋದ ಬೆಳಿಗ್ಗೆ.

ಅದು ಕೊರೊನಾದ ಎರಡನೆಯ ವರ್ಷ. ರಾಜ್ಯ ದಾಟಿ ಓಡಾಡಲು ಆಗಷ್ಟೇ ಅನುಮತಿ ಸಿಕ್ಕಿತ್ತು. ಹೋಟೆಲಿನ ಹಾಸಿಗೆ, ಲಿಫ್ಟಿನ ಬಟನ್ ಯಾವುದನ್ನೂ ಮುಟ್ಟದೆ ಮಗಳಿಗೆ ಸಮುದ್ರ ತೋರಿಸಬೇಕಾದರೆ, ಮಲಗುವುದಕ್ಕೂ ಅಡುಗೆಗೂ ಜಾಗವಿರುವ ಗಾಡಿಯೇ ಬೇಕೆಂದು ಶಾಲೆಯಲ್ಲಿ ಟೀಚರ್ ಆದ ನಾನೂ ನನ್ನ ಗಂಡನೂ ತೀರ್ಮಾನಿಸಿದ್ದೆವು.

ಮಾರುವವರು ತಮಿಳರು, ನಿವೃತ್ತ ಬಸ್ ಚಾಲಕರು. ವ್ಯಾನಿನೊಳಗಿನ ಮಂಚ, ಕಪಾಟು, ಒಲೆಯ ಕಟ್ಟೆ ಎಲ್ಲವನ್ನೂ ತಾವೇ ಕೂಡಿಸಿದ್ದರು. ಒಲೆ ತೋರಿಸುತ್ತ, ತಮ್ಮ ಹೆಂಡತಿ ಲಾಕ್‌ಡೌನಿನಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡರೆಂದೂ, ಕೊನೆಯ ಸಲ ಮುಖ ನೋಡಿದ್ದು ಫೋನಿನಲ್ಲೆಂದೂ ಹೇಳಿದರು. ನಾನು ತಲೆಯಾಡಿಸಿದೆ. ಆಡಿಸುತ್ತಲೇ ಚಾವಣಿಯ ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಹಳೆಯ ಕ್ಯಾಂಪರ್ ಕೊಳ್ಳುವವರು ಮೊದಲು ನೀರು ಸೋರಿದೆಯೇ ಎಂದು ಪರೀಕ್ಷಿಸಬೇಕೆಂದು ಓದಿಕೊಂಡಿದ್ದೆ. ಆದರೂ ಅವರು ಹೇಳಿದ್ದೆಲ್ಲ ಕಿವಿಗೆ ಬಿದ್ದಿತ್ತು, ಆದ್ದರಿಂದ ಆಮೇಲಿನದನ್ನು ತಿಳಿಯದೆ ಮಾಡಿದೆ ಎಂಬ ನೆಪ ನನಗಿಲ್ಲ.

ಹೆಸರು ಬದಲಾವಣೆಯ ಕಾಗದಗಳು ಮುಗಿದ ಮೇಲೆ ಅವರು ಒಳಗಿನಿಂದ ನಾಲ್ಕು ನಿಂಬೆಹಣ್ಣು ತಂದರು. ಅವರು ಆಡಿದ್ದು ತಮಿಳಿನಲ್ಲಿ. ಇಲ್ಲಿನವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಒಂದನ್ನು ಬಿಟ್ಟು, ನನ್ನ ನೆನಪಿನಲ್ಲಿ ಅದು ಕನ್ನಡವಾಗಿ ಉಳಿದಿದೆ.

“ಟೀಚರ್, ಇವನ್ನ ಚಕ್ರದಡಿ ಇಟ್ಟು ಗೇಟಿನಾಚೆ ತನಕ ನಾನೇ ಓಡಿಸ್ತೀನಿ. ಎಲ್ಲಿಗೆ ಹೊರಟ್ರೂ ನಮ್ಮನೆಯವಳು ಇಡ್ತಿದ್ಳು. ಆಮೇಲೆ ನಿಮ್ಮ ಗಾಡಿ ಲಾ.”

ಹೆಂಡತಿಯನ್ನು ಕಳುಹಿಸಿಕೊಡಲು ಬಿಡದಿದ್ದ ಕಾಲದಲ್ಲಿ, ಆಕೆಯ ಗಾಡಿಯನ್ನಾದರೂ ಕಳುಹಿಸಿಕೊಡುತ್ತೇನೆ ಎಂದು ಆ ಮನುಷ್ಯ ಕೇಳುತ್ತಿದ್ದರು. ನಾನು ಕೇಳಿಸಿಕೊಂಡದ್ದು ಮಾತ್ರ ಒಂದು ಚರ್ಚಾವಿಷಯವನ್ನು. ಕಾಲೇಜಿನಲ್ಲಿ ಮೂಢನಂಬಿಕೆಯ ವಿರುದ್ಧ ಮಾತಾಡಿ ಕಪ್ ಗೆದ್ದವಳು ನಾನು. ಮುಹೂರ್ತ ನೋಡಿಸದೆ ಮದುವೆಯಾದವಳು. ನನ್ನ ಮೊದಲ ಸ್ಕೂಟರಿಗೂ ನಿಂಬೆಹಣ್ಣು ಇಡಿಸದವಳು.

“ಅಂಕಲ್, ಲಾಕ್‌ಡೌನಲ್ಲಿ ಹಸಿದ ಜನ ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ ಅಕ್ಕಿ ಕೇಳಿದ್ದನ್ನ ನಾವೇ ನೋಡಿದ್ದೀವಿ. ಈ ಕಾಲದಲ್ಲಿ ತಿನ್ನೋ ಹಣ್ಣನ್ನ ಟೈರಿನಡಿ ಜಜ್ಜೋದು ಸರಿಯಾ?” ಎಂದು ಆರಂಭಿಸಿದೆ. ಬ್ರೇಕು ಹಿಡಿಯುವುದು ಹಣ್ಣಿನಿಂದಲ್ಲ ಎಂದೆ. ಮಕ್ಕಳು ನಮ್ಮನ್ನು ನೋಡಿಯೇ ಭಯ ಕಲಿಯುತ್ತಾರೆ ಎಂದೆ.

“ಅಮ್ಮಾ, ಜಸ್ಟ್ ಲೆಟ್ ಹಿಮ್ ಲಾ,” ಎಂದಳು ಮಗಳು.

“ನಿನ್ನ ಬಾಯಿ ಮುಚ್ಚಿಸೋಕೆ ಡಿಬೇಟಿನ ಹಾಗೆ ಇಲ್ಲೂ ಬೆಲ್ ಹೊಡೀಬೇಕೇನೇ?” ಎಂದು ಗಂಡ ಮಾಸ್ಕಿನೊಳಗೇ ಗೊಣಗಿದರು. ನಾನು ಅವರತ್ತ ತಿರುಗಲಿಲ್ಲ.

ಮುದುಕರು ಕೈಯಲ್ಲಿದ್ದ ಹಣ್ಣುಗಳನ್ನೇ ಸ್ವಲ್ಪ ಹೊತ್ತು ನೋಡಿದರು. “ಸರಿ ಟೀಚರ್. ನೀವು ಓದಿದವರು,” ಎಂದರು. ಒಳಗೆ ಹೋಗಿ ಪ್ಲಾಸ್ಟಿಕ್ ಚೀಲವೊಂದನ್ನು ತಂದು, ಹಣ್ಣುಗಳನ್ನು ಅದರಲ್ಲಿ ಹಾಕಿ ನನ್ನ ಕೈಗಿಟ್ಟರು. “ದಾರೀಲಿ ಜ್ಯೂಸ್ ಮಾಡ್ಕೊಳ್ಳಿ. ವೇಸ್ಟ್ ಆಗೋದ್ ಬೇಡ.”

ಅದರಲ್ಲಿ ವ್ಯಂಗ್ಯವಿರಲಿಲ್ಲ, ಇದ್ದಿದ್ದರೆ ಉತ್ತರ ಕೊಡುತ್ತಿದ್ದೆ. ನಾನು ವ್ಯಾನನ್ನು ಹೊರಗೆ ತೆಗೆದೆ. ಮೊದಲ ತಿರುವಿನಲ್ಲಿ ಗಂಡ, “ವಾಪಸ್ ಹೋಗೋಣ. ಎರಡು ನಿಮಿಷದ ಕೆಲಸ,” ಎಂದರು. ಈಗ ಹಿಂತಿರುಗಿದರೆ ನಾನು ಆಡಿದ್ದೆಲ್ಲ ಸುಳ್ಳಾಗುತ್ತದೆ ಎಂದು ಗೇರ್ ಬದಲಿಸಿದೆ. ಆ ಬೆಳಗಿನ ನನ್ನ ನಡತೆಯಲ್ಲಿ ಹೆಚ್ಚು ನಾಚಿಕೆ ಹುಟ್ಟಿಸುವುದು ಇದೇ: ಅಷ್ಟು ಹೊತ್ತಿಗೆ ನಾನು ಮಾಡಿದ್ದು ತಪ್ಪೆಂದು ನನಗೆ ಗೊತ್ತಾಗಿತ್ತು.

ಸಮುದ್ರ ನೋಡಿ ಬಂದ ಮರುವಾರ ಒಬ್ಬಳೇ ವ್ಯಾನ್ ತೆಗೆದುಕೊಂಡು ಅವರ ಮನೆಗೆ ಹೋದೆ. ಕ್ಷಮಿಸಿ ಎಂದೆ, ಇವತ್ತು ನೀವೇ ಓಡಿಸಿ, ನಿಮಗೆ ಹೇಗೆ ಬೇಕೋ ಹಾಗೆ ಮಾಡಿ ಎಂದು ಕೀಲಿ ಚಾಚಿದೆ. ಅವರು ಅದನ್ನು ಮುಟ್ಟಲಿಲ್ಲ. ಪಕ್ಕದ ಬಾಗಿಲು ಸರಿಸಿ, ಒಳಗೆ ತಲೆ ಹಾಕಿ, ಉಸಿರೆಳೆದುಕೊಂಡರು.

“ಬೇಡ ಟೀಚರ್. ಅವತ್ತು ಅವಳು ಇನ್ನೂ ಇದರಲ್ಲಿದ್ಲು. ಈಗ ನಿಮ್ಮನೆ ವಾಸನೆ ಬಂದಿದೆ.”

ನಾನೂ ಇಣುಕಿದೆ. ಕಟ್ಟೆಯ ಮೇಲೆ ನಮ್ಮ ಸಾಂಬಾರ್ ಪುಡಿಯ ಡಬ್ಬಿ, ಮಂಚದ ಮೇಲೆ ಮರಳು ಮೆತ್ತಿದ ಮಗಳ ಟವೆಲ್. ಅವರು ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಜೋರಾಗಿ ಎಳೆಯಬಾರದು, ಕೊನೆಯಲ್ಲಿ ಸ್ವಲ್ಪ ಎತ್ತಿ ಹಾಕಬೇಕು ಎಂದು ಎರಡು ಸಲ ತೋರಿಸಿಕೊಟ್ಟು, ಮೂರನೆಯ ಸಲ ನನ್ನ ಕೈಯಿಂದಲೇ ಮಾಡಿಸಿದರು.