ಬಿಳಿ ತೆನೆಯಲ್ಲಿ ಹಳದಿ ಕಾಳು

ಸ್ವೀಟ್ ಕಾರ್ನ್ ಎಂದರೆ ನನಗೆ ಈಗಲೂ ಹೇಸಿಗೆ. ತ್ರಾಸಿಯ ಕಡಲ ಬದಿಯಲ್ಲಿ ಗಾಡಿಯವರು ಅದನ್ನು ಬೇಯಿಸಿ, ಬೆಣ್ಣೆ ಕಲಸಿ, ಮಸಾಲೆ ಉದುರಿಸಿ ಲೋಟದಲ್ಲಿ ಕೊಡುತ್ತಾರೆ. ಆ ಜಿಡ್ಡು ಹಳದಿ, ಹಲ್ಲಿಗೆ ಸಿಕ್ಕಿದ ಕೂಡಲೇ ಪಿಚಕ್ಕೆನ್ನುವ ಆ ಸಿಹಿ, ತಿಂದವರು ಮರಳಿನಲ್ಲಿ ಎಸೆದು ಹೋದ ಲೋಟಗಳಿಗೆ ಮುತ್ತಿದ ನೊಣ, ಯಾವುದನ್ನು ಕಂಡರೂ ಮುಖ ತಿರುಗಿಸಿ ನಡೆಯುತ್ತೇನೆ. ಮೊದಮೊದಲು ಇದು ಜೋಳದ ಮೇಲಿನ ಹೇಸಿಗೆಯಾಗಿತ್ತು. ಆಮೇಲೆ ನನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ತೊಂಬತ್ತೇಳರಲ್ಲಿ ನಾನು ಮದುವೆಯಾಗಿ ಕೋಟೇಶ್ವರದ ಕಡಲ ಬದಿಯ ಈ ಮನೆಗೆ ಬಂದೆ. ಗಂಡನದು ಮೀನಿನ ವ್ಯಾಪಾರ. ಅತ್ತೆ ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿ, ಮಂಡಿ ಸೋತ ಮೇಲೆ ಮನೆಯಲ್ಲಿ ಕೂತವರು. ನಾನು ಪಿಯುಸಿ ಮುಗಿಸಿದವಳು. ಸ್ವಲ್ಪ ಸಮಯದಲ್ಲೇ ಮಹಿಳಾ ಮಂಡಲದ ಕಾರ್ಯದರ್ಶಿಯೂ ಆದೆ. ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವಳು ನಮ್ಮ ಕೇರಿಯಲ್ಲಿ ನಾನೊಬ್ಬಳೇ ಎಂಬ ಜಂಭ ನನಗೆ ಚೆನ್ನಾಗಿಯೇ ಇತ್ತು.

ಮನೆಯ ಹಿಂದಿನ ಮರಳು ನೆಲದಲ್ಲಿ ಅತ್ತೆ ಪ್ರತಿ ವರ್ಷ ಹತ್ತಿಪ್ಪತ್ತು ಮುಸುಕಿನ ಜೋಳದ ಗಿಡ ಮಾಡುತ್ತಿದ್ದರು. ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಬೀಜವಂತೆ. ಮೋಟು ತೆನೆ, ಅಚ್ಚ ಬಿಳಿ ಕಾಳು. ಮೊದಲ ಮಳೆ ಬಿದ್ದ ಕೂಡಲೇ ಬಿತ್ತುವುದು. ಮೀನು ತೊಳೆದ ನೀರು, ಬಂಗುಡೆಯ ತಲೆ, ಶೆಟ್ಲಿಯ, ಅಂದರೆ ಸಿಗಡಿಯ, ಸಿಪ್ಪೆ, ಎಲ್ಲ ಅದರ ಬುಡಕ್ಕೆ. ಮೊದಲು ಬಲಿತ ಒಳ್ಳೆಯ ತೆನೆಗಳನ್ನು ಮಾತ್ರ ಸಿಪ್ಪೆ ಹಿಂದಕ್ಕೆ ಮಡಚಿ ಒಲೆಯ ಮೇಲಿನ ಹೊಗೆಯಲ್ಲಿ ಕಟ್ಟುತ್ತಿದ್ದರು. ಅದು ಮುಂದಿನ ವರ್ಷದ ಬೀಜ. ಬಿತ್ತಿ ಉಳಿದ ಹಳೆಯ ಕಾಳನ್ನು ಹುಳ ಹಿಡಿಯುತ್ತದೆಂದು ಕೋಳಿಗೆ ಹಾಕಿಬಿಡುತ್ತಿದ್ದರು. ಹಾಗಾಗಿ ಮನೆಯಲ್ಲಿ ಯಾವಾಗಲೂ ಒಂದೇ ವರ್ಷದ ಬೀಜ.

ಆ ಜೋಳಕ್ಕೆ ಒಂದು ಹರಕೆಯ ನಂಟಿತ್ತು. ಮಾವ ಬದುಕಿದ್ದಾಗ ಒಮ್ಮೆ ಅವರ ದೋಣಿ ಎರಡು ದಿನ ದಡಕ್ಕೆ ಬಾರದೆ ಹೋಗಿತ್ತಂತೆ. ಅವರು ಜೀವಂತ ಬಂದರೆ ಸೋಣೆ ತಿಂಗಳ, ಅಂದರೆ ಸಿಂಹ ಮಾಸದ, ಶನಿವಾರಗಳಲ್ಲಿ ಅನ್ನ, ಮೀನು ಮುಟ್ಟುವುದಿಲ್ಲವೆಂದು ಅತ್ತೆ ಹೇಳಿಕೊಂಡಿದ್ದರು. ಮಾವ ಬಂದರು. ಅಂದಿನಿಂದ ಆ ನಾಲ್ಕೈದು ಶನಿವಾರ ಮಧ್ಯಾಹ್ನ ಅತ್ತೆಗೆ ಕೆಂಡದಲ್ಲಿ ಸುಟ್ಟ ಎರಡು ತೆನೆ, ಒಂದು ಲೋಟ ಚಾ, ಅಷ್ಟೇ. ಇದ್ದ ಕೆಲವೇ ಹಲ್ಲುಗಳಲ್ಲಿ ಒಂದೊಂದೇ ಕಾಳು ಬಿಡಿಸಿ, ಒಂದು ಗಂಟೆ ಕೂತು ತಿನ್ನುತ್ತಿದ್ದರು. ಅಷ್ಟು ಸುಖವಾಗಿ ಉಪವಾಸ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಬಿ.ಟಿ. ಬದನೆಯ ಗಲಾಟೆ ಎಲ್ಲೆಡೆ ನಡೆಯುತ್ತಿದ್ದ ಕಾಲ. ಕುಂದಾಪುರದಲ್ಲಿ ಒಂದು ಭಾಷಣಕ್ಕೆ ಮಂಡಲದಿಂದ ನಾನು ಹೋದೆ. ಭಾಷಣಕಾರರು ಬದನೆಯಿಂದ ಶುರುಮಾಡಿ ಜೋಳಕ್ಕೆ ಬಂದರು. ಹೊರದೇಶದಲ್ಲಿ ಕುಲಾಂತರಿ ಜೋಳವನ್ನೇ ಜನ ತಿನ್ನುತ್ತಿದ್ದಾರೆ, ಅದು ಇಲ್ಲಿಗೂ ಕಳ್ಳದಾರಿಯಲ್ಲಿ ಬರುತ್ತದೆ, ಗಾಳಿಯಲ್ಲಿ ಹರಡುತ್ತದೆ, ಮೀನಿನ ಗುಣವನ್ನು ತರಕಾರಿಗೆ ಸೇರಿಸುವವರು ಏನು ಮಾಡಲಿಕ್ಕೂ ಹೇಸುವವರಲ್ಲ ಎಂದೆಲ್ಲ ಹೇಳಿದರು. ಅರ್ಧ ಅರ್ಥವಾಯಿತು. ಅರ್ಥವಾಗದ ಅರ್ಧವನ್ನು ನಾನೇ ತುಂಬಿಕೊಂಡೆ. ಮಂಡಲದಲ್ಲಿ ಅದನ್ನು ಹೇಳುವಾಗ ಜೋಳದ ಒಳಗೆ ಮೀನು, ಹಂದಿ ಎಲ್ಲ ಸೇರಿಬಿಟ್ಟಿದ್ದವು. ಹೆಂಗಸರು ಬಾಯಿಗೆ ಸೆರಗು ಹಿಡಿದಷ್ಟೂ ನನಗೆ ಹುಮ್ಮಸ್ಸು.

ಮನೆಯಲ್ಲೂ ಅದನ್ನೇ ಹೇಳಿದೆ. ಹಾಗಾದರೆ ಇನ್ನು ಮನೆಗೆ ಮೀನು ತರುವುದು ಬೇಡ, ಜೋಳವನ್ನೇ ಸಾರಿಗೆ ಹಾಕು ಎಂದು ಗಂಡ ನಕ್ಕರು. ಅತ್ತೆ ನಗಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು.

"ಹೆಣೆ, ಮೀನಿಂದ್ ಒಳ್ಗಿದ್ರೆ ಶನಿವಾರ ತಿಂಬುಕ್ ಆತ್ತಾ?"

ಆಗುವುದಿಲ್ಲ ಎಂದೆ. ಆದರೆ ನಿಮ್ಮದು ನಾಟಿ ಜೋಳ, ಅದರಲ್ಲಿ ಅಂಥದ್ದೇನೂ ಇಲ್ಲ ಎಂದೂ ಧೈರ್ಯ ಹೇಳಿದೆ. ಅಷ್ಟು ವರ್ಷ ಬುಡಕ್ಕೆ ಹಾಕಿದ ಬಂಗುಡೆಯ ತಲೆ ತಿಂದು ಬೆಳೆದ ಜೋಳ ಅದು. ಇಬ್ಬರಿಗೂ ಅದು ನೆನಪಾಗಲಿಲ್ಲ.

ಅದೇ ವರ್ಷ ಮುಂಬೈಯ ಹೋಟೆಲು ಕೆಲಸ ಬಿಟ್ಟು ಬಂದಿದ್ದ ಮೈದುನ ಪಕ್ಕದ ಜಾಗದಲ್ಲಿ ಸ್ವೀಟ್ ಕಾರ್ನ್ ಹಾಕಿದ. ಬಣ್ಣದ ಪ್ಯಾಕೆಟಿನ ಬೀಜ, ಅದಕ್ಕೆ ಎಂಥದೋ ಗುಲಾಬಿ ಮದ್ದು ಮೆತ್ತಿತ್ತು. ಆ ಗುಲಾಬಿ ಬಣ್ಣ ಕಂಡೇ ನನಗೆ ಮೈ ಜುಮ್ಮೆಂದಿತು. ತ್ರಾಸಿಯ ಗಾಡಿಗಳಿಗೆ ಮಾರುವುದು ಅವನ ಲೆಕ್ಕಾಚಾರ. ಬೇಲಿಯ ಆಚೆ ಅವನ ಗಿಡ, ಈಚೆ ಅತ್ತೆಯ ಗಿಡ, ಎರಡೂ ಒಂದೇ ವಾರ ಹೂಬಿಟ್ಟವು.

ಸೋಣೆಯ ಮೊದಲ ಶನಿವಾರ ಅತ್ತೆ ತೆನೆ ಸುಲಿದು ನನ್ನನ್ನು ಕರೆದರು. ಬಿಳಿ ಕಾಳುಗಳ ನಡುವೆ ಅಲ್ಲಲ್ಲಿ ಹಳದಿ ಕಾಳು. ಇನ್ನೊಂದು ಸುಲಿದರು, ಅದರಲ್ಲೂ. ನನಗೆ ಹುಣ್ಣಿನಲ್ಲಿ ಕೀವು ಕಂಡ ಹಾಗಾಯಿತು. ಬೇಲಿಯ ಬಳಿ ಹೋಗಿ ಮೈದುನನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಹಸಿ ತೆನೆಯೊಂದನ್ನು ಮುರಿದು ನನ್ನೆದುರೇ ಕಚಕಚ ತಿಂದು ತೋರಿಸಿದ. ಗಲ್ಲದ ಮೇಲೆ ಹಾಲು ಇಳಿಯುತ್ತಿತ್ತು. ಥೂ ಎಂದು ಒಳಗೆ ಬಂದೆ.

ಅವತ್ತೇ ಅತ್ತೆಯ ಗಿಡಗಳನ್ನೆಲ್ಲ ಕಿತ್ತೆ. ಹೊಳೆಗೆ ಹಾಕಿದರೆ ಮೀನಿಗೆ ಹೋಗುತ್ತದೆ, ಗೊಬ್ಬರದ ಗುಂಡಿಗೆ ಹಾಕಿದರೆ ಮಣ್ಣಿಗೆ ಹೋಗುತ್ತದೆ. ಒಂದು ಎಳೆಯ ತೆನೆಯನ್ನು ಸಾಕ್ಷಿಗೆಂದು ತೆಗೆದಿಟ್ಟು, ಉಳಿದದ್ದನ್ನು ಬಚ್ಚಲ ಒಲೆಗೆ ಒಟ್ಟಿದೆ. ಮಳೆಗೆ ಒದ್ದೆಯಾದದ್ದು ಬೇಗ ಉರಿಯಲಿಲ್ಲ. ತೆಂಗಿನ ಸಿಪ್ಪೆ ತುರುಕಿ ತುರುಕಿ ಎರಡು ದಿನ ಸುಟ್ಟೆ. ಮನೆಯಿಡೀ ಸುಟ್ಟ ಜೋಳದ ಘಮ. ಬಾಯಲ್ಲಿ ನೀರೂರುತ್ತಿತ್ತು, ಅದಕ್ಕೂ ಅಸಹ್ಯವೆನಿಸಿ ಉಗುಳುತ್ತಿದ್ದೆ.

ಎರಡನೆಯ ದಿನ ಅತ್ತೆ ಅಡುಗೆಮನೆಯ ಒಲೆಯ ಮೇಲಿಂದ ಒಂದು ತೆನೆ ಬಿಚ್ಚಿ ತಂದರು. ಎಲ್ಲಕ್ಕಿಂತ ಮೊದಲು ಬಲಿತದ್ದು, ಹಿಂದಿನ ವಾರ ಬೀಜಕ್ಕೆಂದು ಅವರೇ ಕಟ್ಟಿದ್ದು.

"ಇದ್ರಲ್ಲ್ ಒಂದ್ ಹಳ್ದಿ ಕಾಳೂ ಇಲ್ಲೆ ಕಾಣ್."

ನಿಜವಾಗಿ ಇರಲಿಲ್ಲ. ಮೇಲಿಂದ ಕೆಳಗಿನವರೆಗೆ ಬಿಳಿ. ಒಂದು ಕ್ಷಣ ಕೈ ತಡೆಯಿತು. ಆದರೆ ಭಾಷಣ ಕೇಳಿ ಬಂದವಳು ನಾನು, ಅವರಲ್ಲ.

"ಹೊರಗಿಂದ ಕಂಡ್ರೆ ಗೊತ್ತಾತ್ತಿಲ್ಲೆ ಅತ್ತೆ."

ನೀನು ಕಲಿತವಳು ಎಂಬಂತೆ ತಲೆಯಾಡಿಸಿ, ತೆನೆಯನ್ನು ಅವರೇ ಬಗ್ಗಿ ಒಲೆಯೊಳಗೆ ಇಟ್ಟರು. ನಾನೇ ಕಿತ್ತುಕೊಂಡು ಎಸೆದಿದ್ದರೆ ನನ್ನ ಮೇಲೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ.

ಮೈದುನನ ಮೇಲೆ ದೂರು ಕೊಡಲೇಬೇಕೆಂದು, ಖಾಲಿ ಪ್ಯಾಕೆಟನ್ನೂ ತೆಗೆದಿಟ್ಟ ತೆನೆಯನ್ನೂ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಬ್ರಹ್ಮಾವರದ ಕೃಷಿ ಕೇಂದ್ರಕ್ಕೆ ಹೋದೆ. ಅಲ್ಲಿ ಬೆಳೆಯ ವಿಷಯ ಬಲ್ಲ ಹಿರಿಯರೊಬ್ಬರು ಕಚೇರಿಯ ಜಗಲಿಯಲ್ಲೇ ಪ್ಯಾಕೆಟ್ ಓದಿದರು. ಅವರು ನನ್ನನ್ನು ಗೇಲಿ ಮಾಡಲಿಲ್ಲ. ಇದು ತಳಿಗೆ ತಳಿ ಕೂಡಿಸಿ ಮಾಡಿದ ಮಾಮೂಲಿ ಹೈಬ್ರಿಡ್ ಎಂದರು. ಕುಲಾಂತರಿ ಜೋಳ ನಮ್ಮ ದೇಶದಲ್ಲಿ ಬೆಳೆಯಲು ಒಪ್ಪಿಗೆಯೇ ಸಿಕ್ಕಿಲ್ಲ. ಪಕ್ಕದ ಹಳದಿ ಜೋಳದ ಹೂಪುಡಿ ಗಾಳಿಯಲ್ಲಿ ಬಂದು ಬಿಳಿಯದರ ಮೇಲೆ ಕೂತರೆ ಆ ಕಾಳು ಹಳದಿಯಾಗುತ್ತದೆ. ಜೋಳ ಹುಟ್ಟಿದಾಗಿನಿಂದ ಹಾಗೆಯೇ. ಬಿಳಿ ಕಾಳನ್ನೇ ಆರಿಸಿ, ಬೇರೆ ಜೋಳದಿಂದ ದೂರ, ನಾಲ್ಕಾರು ವರ್ಷ ಬಿತ್ತುತ್ತಾ ಬಂದರೆ ನಿಮ್ಮ ತಳಿ ಹೆಚ್ಚುಕಡಿಮೆ ಮೊದಲಿನಂತೆಯೇ ಆದೀತು ಎಂದರು.

ಈ ತೆನೆಯನ್ನು ಬಿತ್ತಬಹುದೇ ಎಂದು ಕೇಳಿದೆ. ಅವರು ಕಾಳನ್ನು ಉಗುರಿನಲ್ಲಿ ಒತ್ತಿದರು. ಹುಳಿವಾಸನೆಯ ಹಾಲು ಬಂತು. ಬುಡದಲ್ಲಿ ಆಗಲೇ ಬೂಸ್ಟು ಹಿಡಿದಿತ್ತು.

"ಇದು ಎಳೆಯದು, ಕೊಳೆತೂ ಹೋಗಿದೆ. ಬಲಿತದ್ದು ಮನೆಯಲ್ಲಿ ಇರಬೇಕಲ್ಲ?"

ಇದೆ ಎಂದೆ. ಆ ಸುಳ್ಳನ್ನು ಯಾಕೆ ಹೇಳಿದೆನೋ. ಬಸ್ಸಿನಲ್ಲಿ ಆ ಹುಳಿವಾಸನೆ ಚೀಲದಿಂದ ಬರುತ್ತಲೇ ಇತ್ತು. ಅರ್ಧ ದಾರಿಯಲ್ಲಿ, ಕೋಟದಲ್ಲೇ ಇಳಿದು, ಚರಂಡಿಯ ಬದಿಯಲ್ಲಿ ವಾಂತಿ ಮಾಡಿ, ತೆನೆಯನ್ನು ಅಲ್ಲೇ ಬಿಸಾಡಿದೆ.

ಮುಂದಿನ ಶನಿವಾರದೊಳಗೆ ಬಿಳಿ ಜೋಳ ಹುಡುಕಲೇಬೇಕೆಂದು ಹಠ ಹಿಡಿದೆ. ಅತ್ತೆಯ ತವರಿಗೂ ಹೋದೆ. ಅಲ್ಲಿ ಅದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕೊನೆಗೆ ಬೈಂದೂರಿನ ಕಡೆಯ ಮುದುಕಿಯೊಬ್ಬರ ಹಿತ್ತಲಲ್ಲಿ ಸುಮಾರು ಅಂಥದ್ದೇ ಮೋಟು ತೆನೆ ಸಿಕ್ಕಿತು, ಅಚ್ಚ ಬಿಳಿ. ಕೆಂಡ ಮಾಡಿ, ಹದವಾಗಿ ಸುಟ್ಟು, ತಟ್ಟೆಯಲ್ಲಿ ಎರಡಿಟ್ಟು ಅತ್ತೆಯ ಮುಂದೆ ಕೂತೆ. ಬ್ರಹ್ಮಾವರದಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ನಾನು ಹೇಳಿದ್ದು ತಪ್ಪಾಗಿತ್ತು, ಸುಟ್ಟ ಜೋಳದಲ್ಲಿ ಏನೂ ಇರಲಿಲ್ಲ, ನಿಮ್ಮ ಬೀಜವನ್ನು ಸುಮ್ಮನೆ ಬೂದಿ ಮಾಡಿಸಿದೆ ಎಂದೆ. ಹೇಳುತ್ತಾ ಅತ್ತುಬಿಟ್ಟೆ.

ಅವರು ಸಿಟ್ಟು ಮಾಡಲಿಲ್ಲ. ತೆನೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ತಿರುಗಿಸಿ ತಿರುಗಿಸಿ, ಸಾಲು ಸಾಲಾಗಿ, ಬಹಳ ಹೊತ್ತು ನೋಡಿದರು. ಬಂಗುಡೆಯ ಕಿವಿರು ಎತ್ತಿ ನೋಡಿದೊಡನೆ ಯಾವ ದಿನ ಹಿಡಿದದ್ದೆಂದು ಹೇಳುತ್ತಿದ್ದ ಕಣ್ಣು ಅದು. ಆಮೇಲೆ ಮೆಲ್ಲಗೆ ತಟ್ಟೆಯಲ್ಲಿಟ್ಟು ನನ್ನ ಕಡೆಗೆ ಸರಿಸಿದರು.

"ಬ್ಯಾಡ ಹೆಣೆ. ನಂಗೀಗ ಹೊರಗಿಂದ ಕಂಡ್ರೆ ಗೊತ್ತಾತ್ತಿಲ್ಲೆ."

ಚಾ ಮಾತ್ರ ಕುಡಿದರು.