ಅನಂತರಾಜು ಅಲ್ಲಾಡಿಸಿ ನೋಡಿದ ಸಾಫ್ಟ್‌ವೇರ್

ಸ್ವಂತ ತೋಟದ ತೆಂಗಿನಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರಿದೆ ಎಂದು ಖಾತ್ರಿ ಮಾಡಿಕೊಂಡೇ ಒಡೆಯುವ ಆಸಾಮಿ ನಿಟ್ಟೂರಿನ ಅನಂತರಾಜು. ಪೆಟ್ರೋಲ್ ಬಂಕಿನಲ್ಲಿ ಎಲ್ಲರೂ ಮೀಟರ್ ನೋಡಿದರೆ ಇವರು ಪೈಪಿನ ಬಾಯಿಯನ್ನೂ ಬಗ್ಗಿ ನೋಡುತ್ತಾರೆ. ಗುಬ್ಬಿಯ ಖಾಸಗಿ ಪದವಿ ಕಾಲೇಜೊಂದರಲ್ಲಿ ಆಫೀಸ್ ಸೂಪರಿಂಟೆಂಡೆಂಟ್. ಹುಡುಗರು ಬೆನ್ನ ಹಿಂದೆ ಕರೆಯುವುದು ‘ಡೌಟ್ ರಾಜು’ ಎಂದು.

ನಗಬೇಡಿ, ಅವರ ಅನುಮಾನಕ್ಕೆ ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ತುಮಕೂರಿನ ಒಂದು ಕಂಪನಿಯವರು ಬೆಣ್ಣೆಯಂಥ ಮಾತಾಡಿ ಕಾಲೇಜಿಗೆ ಸಾಫ್ಟ್‌ವೇರ್ ಹಾಕಿಕೊಟ್ಟು ಹೋದರು. ಅದನ್ನು ತೆರೆಯಲು ವರ್ಷಕ್ಕೊಮ್ಮೆ ಅವರಿಂದಲೇ ಹೊಸ ಪಾಸ್‌ವರ್ಡ್ ಬರಬೇಕಿತ್ತು. ಒಂದು ವರ್ಷ ಕಂಪನಿಯೇ ಬಾಗಿಲು ಹಾಕಿತು. ಮಕ್ಕಳ ಅಂಕಗಳೆಲ್ಲ ಒಳಗೇ ಸಿಕ್ಕಿಬಿದ್ದವು. ಅನಂತರಾಜು ಮತ್ತು ಟೈಪಿಸ್ಟ್ ನೇತ್ರಾವತಿ ರಜೆಯುದ್ದಕ್ಕೂ ಕೂತು ಎಲ್ಲವನ್ನೂ ಹಳೇ ಉತ್ತರಪತ್ರಿಕೆಗಳಿಂದ ಮತ್ತೆ ಕೂಡಿಸಿದರು. ಅಂದಿನಿಂದ ಅವರು ಬಾಯಿ ಸುಟ್ಟುಕೊಂಡ ಬೆಕ್ಕು.

ಹೀಗಿರುವಾಗ ಹೊಸ ಸಾಫ್ಟ್‌ವೇರ್ ಆರಿಸುವ ಕೆಲಸವನ್ನು ಪ್ರಿನ್ಸಿಪಾಲ್ ಗೋವಿಂದರಾಜು ಅವರು ಸಂಧ್ಯಾಗೆ ಒಪ್ಪಿಸಿದರು. ಸಂಧ್ಯಾ ಕುಣಿಗಲ್‌ನಿಂದ ಎರಡು ಬಸ್ ಬದಲಿಸಿ ಬರುವ ಅತಿಥಿ ಉಪನ್ಯಾಸಕಿ, ಕಂಪ್ಯೂಟರ್ ಪಾಠ ಮಾಡುತ್ತಾಳೆ. ವರ್ಷ ವರ್ಷವೂ ಆಡಳಿತ ಮಂಡಳಿ ಮನಸ್ಸು ಮಾಡಿದರೆ ಕೆಲಸ, ಇಲ್ಲದಿದ್ದರೆ ಮನೆ.

“ಇದು ಪುಕ್ಕಟೆ ಸಾರ್. ಓಪನ್ ಸೋರ್ಸ್ ಅಂತಾರೆ. ಎಷ್ಟೋ ಜನ ಸೇರಿ ಬರೆದಿರೋದು. ಒಳಗೇನಿದೆ ಅಂತ ಯಾರು ಬೇಕಾದ್ರೂ ನೋಡ್ಬೋದು. ಬೀಗ ಹಾಕ್ಕೊಂಡು ಹೋಗೋ ಕಂಪನಿ ಇರಲ್ಲ,” ಎಂದಳು ಸಂಧ್ಯಾ.

“ಪುಕ್ಕಟೆ ಕೊಡೋಕೆ ಅವ್ರೇನಮ್ಮ ನಿನ್ನ ಸೋದರಮಾವಂದಿರಾ?” ಎಂದರು ಅನಂತರಾಜು.

ಅವಳ ಮುಂದೆ ಅಂಥ ಎರಡು ಆಯ್ಕೆಗಳಿದ್ದವು. ದೊಡ್ಡ ವಿಶ್ವವಿದ್ಯಾಲಯಗಳು ಬಳಸುವಂಥದ್ದು ಒಂದು. ಹಾಜರಾತಿಯಿಂದ ಹಾಸ್ಟೆಲ್‌ವರೆಗೆ ಎಲ್ಲವೂ ಅದರಲ್ಲಿತ್ತು. ಆದರೆ ಅದಕ್ಕೆ ದೊಡ್ಡ ಸರ್ವರ್ ಬೇಕು, ನೋಡಿಕೊಳ್ಳಲು ಬಲ್ಲವರೊಬ್ಬರು ಸದಾ ಬೇಕು. ಇನ್ನೊಂದು ಚಿಕ್ಕದು. ಇವಳು ದೊಡ್ಡದನ್ನೇ ತರುತ್ತಾಳೆ, ಆಮೇಲೆ ಇವಳಿಲ್ಲದೆ ಹುಲ್ಲುಕಡ್ಡಿಯೂ ಅಲುಗುವುದಿಲ್ಲ ಎಂದು ಅನಂತರಾಜು ಮೊದಲೇ ಲೆಕ್ಕ ಹಾಕಿದ್ದರು. “ಗೂಟ ಹೊಡ್ಕೊಂಡು ಕೂರೋ ಪ್ಲಾನು ಕಣಮ್ಮ ಇದು, ಬರೆದಿಟ್ಕೋ” ಎಂದು ನೇತ್ರಾವತಿಗೆ ಹೇಳಿಯೂ ಇದ್ದರು.

ಸಂಧ್ಯಾ ಚಿಕ್ಕದನ್ನು ಆರಿಸಿದಳು.

“ನಮ್ಮ ಹತ್ರ ಇರೋವು ಹಳೇ ಕಂಪ್ಯೂಟರು. ಕರೆಂಟ್ ಯಾವಾಗ ಹೋಗುತ್ತೋ ದೇವ್ರಿಗೇ ಗೊತ್ತು. ದೊಡ್ಡದು ತಂದ್ರೆ ಆನೆ ಸಾಕ್ದಂಗೆ ಆಗುತ್ತೆ ಸಾರ್. ಅಡ್ಮಿಷನ್, ಲೈಬ್ರರಿ, ಅಂಕ ಇಷ್ಟು ನಡೆದ್ರೆ ನಮಗೆ ಸಾಕು. ನೇತ್ರಾವತಿ ಅಕ್ಕನೇ ನಡೆಸ್ಕೊಂಡು ಹೋಗ್ತಾರೆ.”

ಈಗ ಅನಂತರಾಜು ಅವರ ಅನುಮಾನ ಇಮ್ಮಡಿಯಾಯಿತು. ತನಗೆ ಲಾಭವಿಲ್ಲದ ದಾರಿಯನ್ನು ಯಾರಾದರೂ ಹಿಡಿಯುತ್ತಾರೆಯೇ? ಒಳಗೆ ಏನೋ ಮಸಲತ್ತು ಇರಲೇಬೇಕು. ಅಂಕಗಳನ್ನು ಕಂಪ್ಯೂಟರಿಗೆ ಏರಿಸುವ ವಾರ ಬಂದಾಗ, ಆಫೀಸಿನ ಕಡೆ ತಲೆ ಹಾಕಕೂಡದು ಎಂದು ಸಂಧ್ಯಾಗೆ ತಾಕೀತು ಮಾಡಿದರು. ನೇತ್ರಾವತಿ ಗುಟ್ಟಾಗಿ ಸಂಧ್ಯಾಳನ್ನು ಕೇಳಿಬಿಟ್ಟಾರೆಂದು ನೇತ್ರಾವತಿಯ ಮೊಬೈಲನ್ನು ತಮ್ಮ ಡ್ರಾಯರಿಗೆ ಹಾಕಿಕೊಂಡರು. ಕೆಲಸದ ಮಧ್ಯೆ ತಾವೇ ಹೋಗಿ ಮೇನ್ ಸ್ವಿಚ್ ಆಫ್ ಮಾಡಿದರು.

“ಅಯ್ಯೋ ಸಾರ್, ಎಲ್ಲಾ ಹೋಯ್ತು!” ಎಂದು ನೇತ್ರಾವತಿ ಕಿರುಚಿದರು. ಕರೆಂಟ್ ಬಂದ ಮೇಲೆ ನೋಡಿದರೆ ಏರಿಸಿದ್ದ ಅಂಕಗಳೆಲ್ಲ ಇದ್ದಲ್ಲೇ ಇದ್ದವು. ಅಷ್ಟಕ್ಕೇ ಬಿಡದೆ, ಅದರ ನಕಲನ್ನು ಲ್ಯಾಬಿನ ಇನ್ನೊಂದು ಕಂಪ್ಯೂಟರಿಗೆ ಹಾಕಿಸಿ ತೆರೆಸಿದರು. ಅಲ್ಲೂ ತೆರೆದುಕೊಂಡಿತು. ವಾರ ಕಳೆಯಿತು; ಒಂದು ಅಂಕವೂ ತಪ್ಪಲಿಲ್ಲ.

ಆಡಳಿತ ಮಂಡಳಿಯ ಸಭೆಯಲ್ಲಿ ಅನಂತರಾಜು ಎದ್ದು ನಿಂತರು. ಅವರು ಯಾವುದನ್ನಾದರೂ ಹೊಗಳಿದ್ದನ್ನು ಅಲ್ಲಿದ್ದವರು ಕೇಳಿದ್ದು ಅದೇ ಮೊದಲು. “ಅಲ್ಲಾಡಿಸಿ ನೋಡಿದೀನಿ ಸ್ವಾಮಿ, ಗಟ್ಟಿ ಇದೆ. ಯಾರಿಲ್ದಿದ್ರೂ ನಡೆಯುತ್ತೆ. ಸಂಧ್ಯಾ ಮೇಡಂ ಇಲ್ದೇನೇ ಅಂಕ ಎಲ್ಲ ಏರಿಸಿದೀವಿ.” ಸದಸ್ಯರು ತಲೆದೂಗಿದರು.

ಹೊಸ ವರ್ಷಕ್ಕೆ ಸಂಧ್ಯಾಳನ್ನು ಮುಂದುವರಿಸಲಿಲ್ಲ. ಪಾಠಕ್ಕೆ ವಾರದಲ್ಲಿ ಎರಡು ದಿನ ಬೇರೆ ಕಾಲೇಜಿನವರು ಬಂದರಾಯಿತು, ಸಾಫ್ಟ್‌ವೇರಂತೂ ಅವಳಿಲ್ಲದೆಯೂ ನಡೆಯುತ್ತದೆಯಲ್ಲ ಎಂದಿತ್ತು ಮಂಡಳಿ.

ಲ್ಯಾಬಿನ ಬೀಗದಕೈ ಒಪ್ಪಿಸಲು ಬಂದವಳನ್ನು ಅನಂತರಾಜು ತಡೆದು ಕೇಳಿದರು: “ಒಂದು ನಿಜ ಹೇಳ್ಬುಡು. ದೊಡ್ಡದು ಹಾಕಿದ್ರೆ ನಿನ್ನನ್ನ ಕಳಿಸೋಕೆ ಆಗ್ತಿರ್ಲಿಲ್ಲ ಅಂತ ನಿನಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು ಸಾರ್. ಆಸೇನೂ ಆಗಿತ್ತು. ಅದನ್ನೇ ಹಾಕ್ಬಿಡೋಣ ಅಂತ ಕೂತಿದ್ದೆ. ಆಮೇಲೆ ನಾನು ಯಾವತ್ತೋ ಬಿಟ್ಟು ಹೋದ್ರೆ, ನೀವೂ ನೇತ್ರಾವತಿ ಅಕ್ಕನೂ ಇನ್ನೊಂದು ರಜೆ ಪೂರ್ತಿ ಉತ್ತರಪತ್ರಿಕೆ ಹಿಡ್ಕೊಂಡು ಕೂರ್ಬೇಕಲ್ಲ ಅನ್ನಿಸ್ತು.”

ಅವಳು ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಅನಂತರಾಜು ಬೀಗದಕೈಯನ್ನು ಮೇಜಿನ ಮೇಲೇ ಬಿಟ್ಟು ಎದ್ದರು. ತಾವಾಡಿದ ಒಂದು ಮಾತು ಆ ಹುಡುಗಿಯ ಅನ್ನಕ್ಕೆ ಕಲ್ಲು ಹಾಕಿತ್ತು. ನೇರ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. “ತಪ್ಪಾಗಿದೆ ಸಾರ್. ಅವಳು ಒಳ್ಳೇ ಹುಡುಗಿ. ಮಂಡಳಿಯೋರ ಹತ್ರ ನಾನೇ ಮಾತಾಡ್ತೀನಿ. ಅವಳನ್ನ ಉಳಿಸ್ಕೋಬೇಕು,” ಎಂದು ಒಂದೇ ಉಸಿರಿಗೆ ಹೇಳಿದರು.

ಗೋವಿಂದರಾಜು ಕನ್ನಡಕ ತೆಗೆದು ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಎದ್ದುಹೋಗಿ ಬಾಗಿಲು ಮುಂದಕ್ಕೆ ಹಾಕಿ ಬಂದು, ದನಿ ತಗ್ಗಿಸಿ ಕೇಳಿದರು:

“ಅಲ್ಲಾ ರೀ, ಆ ಹುಡುಗಿ ನಿಮಗೆ ಏನಾಗ್ಬೇಕು?”

“ಏನೂ ಆಗ್ಬೇಕಿಲ್ಲ ಸಾರ್,” ಎಂದರು ಅನಂತರಾಜು. ಗೋವಿಂದರಾಜು ನಂಬಲಿಲ್ಲ.